ಬಾನೆಟ್ಟಿನ ಮೇಲಿದ್ದ ನೆಗ್ಗು

ಕಾರು ನಡೆಸುವುದರಲ್ಲಿ ನನಗೆ ಯಾರೂ ಹೆಸರಿಡುವಂತಿರಲಿಲ್ಲ. ನಡೆಸಿದ್ದೇ ಅಪರೂಪ, ಹೆಸರಿಡುವುದೆಲ್ಲಿಂದ? ಹುಬ್ಬಳ್ಳಿಯಲ್ಲಿ ಕಲಿತು, ಲೈಸೆನ್ಸು ತಂದು, ನಮ್ಮ ಕಟ್‌ಪೀಸ್ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದೆ. ಆಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ಓಣಿಯಲ್ಲಿ ಬಾಡಿಗೆಗೆ ಸಿಗುತ್ತಿದ್ದ ಕಾರು ಒಂದೇ, ಚನ್ನಬಸಪ್ಪ ಕಾಕಾ ಅವರ ಬಿಳಿ ಅಂಬಾಸಿಡರ್.

ಹೆಂಡತಿಯ ತಮ್ಮನ ಮದುವೆ ಗೊತ್ತಾಯಿತು. ಬ್ಯಾಡಗಿ ಮತ್ತು ರಾಣೆಬೆನ್ನೂರಿನ ನೆಂಟರಿಗೆ ಲಗ್ನಪತ್ರಿಕೆ ಕೊಟ್ಟು ಬರುವ ಭಾರ ನಮ್ಮ ಮೇಲೆ ಬಿತ್ತು.

"ಬಸ್ಸಿಗೆ ಹೋಗೂಣ್ರಿ," ಎಂದಳು ಶಾಂತಾ.

"ಬಸ್ಸಿಗೆ? ಮದುಮಗನ ಭಾವ ಅನ್ನಿಸಿಕೊಂಡಾಂವ ಬಸ್ಸಿನ್ಯಾಗ ಜೋತಬೀಳೂದೇನು? ಕಾರ್ ತಗೊಂಡ ಹೋಗೂಣು. ನಾನ ಹೊಡೀತೇನಿ!"

ಅವಳು ಕಣ್ಣು ಮುಚ್ಚಿ ಮನೆದೇವರನ್ನು ನೆನೆದಳು.

ಕಾಕಾ ಅವರ ಡ್ರೈವರ್‌ಗೆ ಜ್ವರ. ಅವರು ಬಹಳ ಹೊತ್ತು ಹಿಂದೆಮುಂದೆ ನೋಡಿ, ಕೊನೆಗೆ ಚಾವಿ ಕೊಟ್ಟರು.

"ತಮ್ಮಾ ಗುರುಪಾದ, ಏನಾರ ನೆಗ್ಗಿದ್ರ, ಗೀರಿದ್ರ ಖರ್ಚು ನಿಂದು. ಅದಕ್ಕ ಈಗ ಒಂದ ಸುತ್ತ ಹಾಕಿ ಎಲ್ಲಾ ನೋಡಕೊಂಬಿಡು."

ಅಂಗಡಿಗೆ ಗಜ ಬಟ್ಟೆ ಬಂದರೂ ಬೆಳಕಿಗೆ ಹಿಡಿದು ಎಳೆ ಎಳೆ ನೋಡುವವನು ನಾನು. ಆದರೆ ಮನೆಯ ಹಿರಿಯರಂತಿರುವವರ ಕಾರನ್ನು ಅವರೆದುರೇ ತಪಾಸಣೆ ಮಾಡುವುದೆ?

"ಏ, ಏನ್ ಕಾಕಾ! ನಿಮ್ಮ ಗಾಡಿ ನಾ ನೋಡೂದೇನ್ರಿ!" ಎಂದು ಹತ್ತಿ ಕುಳಿತುಬಿಟ್ಟೆ. ಮರ್ಯಾದೆ ಇಷ್ಟು ತುಟ್ಟಿ ಎಂದು ಆಗ ಗೊತ್ತಿರಲಿಲ್ಲ.

ಮೋಟೆಬೆನ್ನೂರಿನವರೆಗೆ ನನ್ನ ಚಾಲನೆ ಅಮೋಘವಾಗಿತ್ತು. ನಮ್ಮನ್ನು ಹಿಂದೆ ಹಾಕಿದವರಲ್ಲಿ ಸೈಕಲ್ಲಿನವರು ಇಬ್ಬರೇ! ಬ್ಯಾಡಗಿ ಮುಟ್ಟಿದ ಮೇಲೆ, ಬಿಸಿಲಿಗೆ ಕಾಕಾ ಅವರ ಕಾರಿನ ಬಣ್ಣ ಕೆಟ್ಟೀತೆಂದು ಊರೆಲ್ಲ ಸುತ್ತಿ ಒಂದು ಮರದ ನೆರಳು ಹುಡುಕಿ ನಿಲ್ಲಿಸಿದೆ. ಅದು ಬೆಳವಲದ ಮರ. ನೆಂಟರ ಮನೆಯಲ್ಲಿ ಚಹಾ ಕುಡಿದು ಹೊರಗೆ ಬರುತ್ತಿದ್ದೇವೆ, ಕಣ್ಣೆದುರೇ 'ಧಬ್' ಎಂದು ಒಂದು ಕಾಯಿ ಬಾನೆಟ್ಟಿನ ಮೇಲೆ ಬಿತ್ತು! ಓಡಿಹೋಗಿ ನೋಡಿದರೆ, ನಟ್ಟನಡುವೆ ಬಟ್ಟಲಿನಂಥ ದುಂಡನೆಯ ನೆಗ್ಗು. ನನ್ನ ಎದೆಯೂ ಅಷ್ಟೇ ನೆಗ್ಗಿತು.

ಶಾಂತಾ ಬಗ್ಗಿ ನೋಡಿದಳು. "ರೀ, ಇದರಾಗ ಕುಂಕುಮ ಐತಲ್ರಿ. ಈಗ ಬಿದ್ದ ನೆಗ್ಗಿನ್ಯಾಗ ಕುಂಕುಮ ಹೆಂಗ ಬಂತು?"

"ಕುಂಕುಮ ಅಲ್ಲ, ಖಾರಪುಡಿ! ಇದು ಬ್ಯಾಡಗಿ. ಇಲ್ಲೆ ಗಾಳಿಗೂ ಖಾರ ಇರತೈತಿ!" ಎಂದವನೇ ಕರವಸ್ತ್ರಕ್ಕೆ ಉಗುಳು ಹಚ್ಚಿ, ತಿಕ್ಕಿ ತಿಕ್ಕಿ ಒರೆಸಿದೆ.

"ಕಾಯಿನ ಒಡದ ಹೋಳಾಗೇತಿ ನೋಡ್ರಿ. ಈ ನೆಗ್ಗು ಮೊದಲ ಇತ್ತೇನೋ. ಕಾಕಾರಿಗೆ ಇದ್ದದ್ದ ಇದ್ದಂಗ ಹೇಳಿಬಿಡೂಣು."

"ಹೇಳಿದ್ರ ಹೊಸಾ ಬಾನೆಟ್ಟ ಹಾಕಸು ಅಂತಾರ! ಸುಮ್ನ ಹತ್ತು."

ರಾಣೆಬೆನ್ನೂರಿನಲ್ಲಿ ನಾನು ಮೊದಲು ಹುಡುಕಿದ್ದು ನೆಂಟರ ಮನೆಯನ್ನಲ್ಲ, ಗಾಡಿಯ ತಗಡು ಬಡಿದು ಸರಿಮಾಡುವ ಇಮಾಮಸಾಬರನ್ನು. ಅವರು ನೆಗ್ಗಿನ ಮೇಲೆ ಬೆರಳಾಡಿಸಿ ಹೇಳಿದರು:

"ಹಂಗ ಮಾಡಿ ಕೊಡ್ತೇನ್ರಿ, ಖುದ್ದ ಮಾಲಕರು ಬಂದು ಕೈಯಾಡಿಸಿದ್ರೂ ನೆಗ್ಗಿದ್ದ ಜಾಗಾ ಸಿಗಬಾರದು!"

ಅವರು ಮಾತಿಗೆ ತಪ್ಪಲಿಲ್ಲ. ಅದೇ ನನ್ನ ದುರ್ದೈವ! ತಗಡು ಬಡಿದು, ಬಣ್ಣ ಹಚ್ಚಿ, ಅದು ಒಣಗುವವರೆಗೆ ನಾನು ಕಾರನ್ನು ಕಾಯುತ್ತ ಕುಳಿತೆ. ಲಗ್ನಪತ್ರಿಕೆಗಳನ್ನು ಶಾಂತಾ ಒಬ್ಬಳೇ ಬಿಸಿಲಲ್ಲಿ ನಡೆದು ಹಂಚಿ ಬಂದಳು.

ಸಂಜೆ ಹಾವೇರಿಗೆ ಬಂದು ಕಾಕಾ ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಅವರು ಒಂದು ಸುತ್ತು ಹಾಕಿದರು. "ಭೇಷ್! ಒಂದ ಗೀರಿಲ್ಲ!" ಎಂದರು. ನಾನು ಕಾಲರ್ ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರ ಅಂಗೈ ಬಾನೆಟ್ಟಿನ ಮೇಲೆ ಸರಿದಾಡತೊಡಗಿತು. ಕಿಸೆಯಲ್ಲಿಟ್ಟದ್ದು ಕಾಣೆಯಾದಾಗ ತಡಕಾಡುತ್ತೇವಲ್ಲ, ಹಾಗೆ.

"ಗುರುಪಾದ, ಎಲ್ಲೈತೋ?"

"ಏನ್ ಕಾಕಾ?"

"ನೆಗ್ಗು."

"ಯಾವ ನೆಗ್ಗು?" ಎಂದೆ. ನನ್ನ ದನಿ ನನಗೇ ಕಳ್ಳನ ದನಿಯಂತೆ ಕೇಳಿಸಿತು. ಶಾಂತಾ ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

ಕಾಕಾ ಬೈಯಲಿಲ್ಲ. ಕಟ್ಟೆಯ ಮೇಲೆ ಕುಳಿತರು.

"ಗಾಡಿ ಮನಿಗೆ ಬಂದ ದಿನ ಅವ್ವ ಕಾಯಿ ಒಡದ್ಲು. ಗಾಲಿ ಮುಂದ ಕಲ್ಲ ಇಟ್ಟಿದ್ವಿ. ಆಕಿ ಕಣ್ಣ ಮಂಜಾಗಿದ್ವು, ಕಲ್ಲ ಬಿಟ್ಟು ಬಾನೆಟ್ಟಿಗೇ ಬಡದ್ಲು. ಹೊಸಾ ಗಾಡಿ ಕೆಡಿಸಿದಿ ಅಂತ ನಾ ಮಂದಿ ಮುಂದ ಬೈದೆ. ಅದ ವರ್ಷ ಆಕಿ ಹ್ವಾದ್ಲು. ಆಮ್ಯಾಲ ಪ್ರತಿ ದಸರಾದಾಗ ಖಂಡೇಪೂಜಿಗೆ ಮೊದಲನೇ ಕುಂಕುಮ ಆ ನೆಗ್ಗಿನ್ಯಾಗ ಹಾಕತಿದ್ದೆ. ತೆಗಸು ಅಂದವರ ಮಾತ ಕೇಳಿರಲಿಲ್ಲ."

ಕಿಸೆಯಲ್ಲಿದ್ದ ಕರವಸ್ತ್ರ ಮೈ ಸುಟ್ಟಂತಾಯಿತು.

"ಏನ ಖರ್ಚು ಆಗತೈತಿ ಹೇಳ್ರಿ ಕಾಕಾ, ಕೊಡ್ತೇನಿ."

"ಎದರ ಖರ್ಚೋ ತಮ್ಮಾ? ನೆಗ್ಗು ಯಾವ ಅಂಗಡ್ಯಾಗ ಮಾರ್ತಾರ?"

ಇಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಮನುಷ್ಯನಾಗಿ ಉಳಿಯುತ್ತಿದ್ದೆ. ಮರುದಿನ ಬೆಳಿಗ್ಗೆ ಎರಡು ತೆಂಗಿನಕಾಯಿ ಹಿಡಿದು ಅವರ ಬಾಗಿಲಿಗೆ ಹೋದೆ.

"ಕಾಕಾ, ಇದ್ದ ಜಾಗಾದಾಗ ಇದ್ದಂಗ ನೆಗ್ಗು ಮಾಡಿ ಕೊಡ್ತೇನ್ರಿ!"

"ಬ್ಯಾಡೋ..." ಎನ್ನುವಷ್ಟರಲ್ಲಿ ಹೊಡೆದೆ. ಕಾಯಿ ಎರಡು ಹೋಳಾಯಿತು. ಬಾನೆಟ್ಟು ಜಪ್ಪೆನ್ನಲಿಲ್ಲ. ಇಮಾಮಸಾಬರು ಒಳಗಿನಿಂದ ಇನ್ನೊಂದು ತಗಡು ಕೊಟ್ಟು ಭದ್ರ ಮಾಡಿದ್ದರು! ಎರಡನೆಯದನ್ನು ತಲೆಯ ಮೇಲೆ ಎತ್ತಿ, ಭಕ್ತಿಯಿಂದ ಕಣ್ಣು ಮುಚ್ಚಿ ಅಪ್ಪಳಿಸಿದೆ. ಮೊದಲ ಕಾಯಿಯ ನೀರಿಗೆ ಕೈ ಒದ್ದೆಯಾಗಿತ್ತು. ಕಾಯಿ ಜಾರಿತು. 'ಫಳ್!' ಹೆಡ್‌ಲೈಟು ಪುಡಿಪುಡಿ!

ಕಾಕಾ ಗಾಜಿನ ಚೂರುಗಳನ್ನೂ ನನ್ನನ್ನೂ ನೋಡಿದರು.

"ನಮ್ಮವ್ವನ ಕಣ್ಣರ ಮಂಜಾಗಿದ್ವು. ನಿನಗೇನಾಗೇತೋ?"

ಹೆಡ್‌ಲೈಟಿನ ಖರ್ಚನ್ನು ಅವರು ತೆಗೆದುಕೊಂಡರು. ಬಾನೆಟ್ಟಿನದನ್ನು ಕೇಳಲೇ ಇಲ್ಲ. ಕೇಳಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ.

ಆ ವರ್ಷದ ಖಂಡೇಪೂಜೆಗೆ ಕಾಕಾ ಓಣಿಯವರನ್ನೆಲ್ಲ ಕರೆದರು, ನಮ್ಮನ್ನೂ ಕರೆದರು. ಚಿಟಿಕೆ ಕುಂಕುಮ ಹಿಡಿದ ಅವರ ಕೈ ಬಾನೆಟ್ಟಿನ ಮೇಲೆ ಅತ್ತ ಇತ್ತ ಹುಡುಕಿತು. ಕೊನೆಗೆ ಅಂದಾಜಿನ ಮೇಲೆ ಒಂದು ಕಡೆ ಹಾಕಿದರು. ಕುಂಕುಮ ನಿಲ್ಲಲಿಲ್ಲ. ಅಷ್ಟು ನುಣುಪು! ಗಾಳಿಗೆ ಜಾರಿ ಬಿಳಿ ಬಣ್ಣದ ಮೇಲೆಲ್ಲ ಚದುರಿತು. ನನ್ನ ಕೈ ಅಭ್ಯಾಸಬಲದಿಂದ ಕಿಸೆಗೆ ಹೋಯಿತು. ಶಾಂತಾ ಮೆಲ್ಲಗೆ ಮುಂಗೈ ಹಿಡಿದಳು.

"ಬಿಡ್ರಿ. ನೀವ ಇನ್ನೇನೂ ಒರಸಬ್ಯಾಡ್ರಿ."

ಕಾಯಿ ಒಡೆಯುವ ಹೊತ್ತಾಯಿತು. ಕಾಕಾ ಕಾಯಿ ಸುಲಿಯುತ್ತ ಸುತ್ತಲೂ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಹತ್ತಿರ ಬಂದು ಕಾಯಿಯನ್ನು ಶಾಂತಾಳ ಕೈಗೆ ಕೊಟ್ಟರು.

ನನ್ನ ಕೈಗೂ ಕೊಟ್ಟರು. ಸುಲಿದ ನಾರು!