ಕರ್ಚೀಫಿನಲ್ಲಿ ಹೋದ ಹೆಪ್ಪು

ನಮ್ಮ ಭಾವನ ಹತ್ತಿರ ಕಾರು ಕೇಳಿ, ಬೀಗದಕೈ ಕೊಡುತ್ತಾರೆ. ಹಸಿವು ಎನ್ನಿ, ತಮ್ಮ ತಟ್ಟೆಯನ್ನೇ ಮುಂದೆ ತಳ್ಳುತ್ತಾರೆ. ಒಂದು ಚಮಚ ಹೆಪ್ಪು ಕೇಳಿ ನೋಡಿ, ನೀವು ಯಾರೆಂಬುದೇ ಅವರಿಗೆ ಮರೆತುಹೋಗುತ್ತದೆ!

ಭಾವ ಎಂದರೆ ನನ್ನಕ್ಕನ ಗಂಡ, ಧಾರವಾಡದವರು. ಮಿಷಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಪ್ಲಾಂಟಿನಲ್ಲಿ ಎಂಜಿನಿಯರ್ ಆಗಿದ್ದು ಈಗ ರಿಟೈರ್ ಆಗಿದ್ದಾರೆ. ಅಕ್ಕ ಮದುವೆಯಾಗಿ ಬರುವಾಗ ಮೈಸೂರಿನ ಹೆಪ್ಪನ್ನು ಕರ್ಚೀಫಿಗೆ ಸವರಿ, ಒಣಗಿಸಿ ತಂದಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಅವಳ ಕೈಯದು ಎಂದು ಆ ಮನೆಯಲ್ಲಿ ಜೀವಂತವಾಗಿ ಉಳಿದಿರುವುದು ಆ ಹೆಪ್ಪೊಂದೇ ಎಂದು ಭಾವನ ನಂಬಿಕೆ.

ಮಿಷಿಗನ್ನಿನ ಚಳಿಯಲ್ಲಿ ಹಾಲು ಹೆಪ್ಪಾಗುವುದುಂಟೆ? ಪಾತ್ರೆಯನ್ನು ಓವನ್ನಿನೊಳಗಿಟ್ಟು, ಅದರ ದೀಪ ಹಾಕಿ ಬಾಗಿಲು ಮುಚ್ಚುತ್ತಾರೆ. ಒಮ್ಮೆ ನನ್ನ ಮಗ ಪಿಜ್ಜಾಕ್ಕೆಂದು ಅದೇ ಓವನ್ನನ್ನು ನಾನೂರು ಡಿಗ್ರಿಗೆ ತಿರುಗಿಸಿಬಿಟ್ಟ. ಭಾವ ಬರಿಗೈಯಲ್ಲಿ ಪಾತ್ರೆ ಎಳೆದು ಬೆರಳು ಸುಟ್ಟುಕೊಂಡು, ಬಾಗಿಲಿಗೆ 'ಒಳಗ ಜೀವ ಅದ' ಎಂದು ಬರೆದು ಅಂಟಿಸಿದರು. ಹುಡುಗನಿಗೆ ಕನ್ನಡ ಓದಲು ಬಾರದು ಎಂಬುದು ಅವರಿಗೆ ಹೊಳೆಯಲೇ ಇಲ್ಲ.

"ದೀಪಾ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದವಾ, ಮನಿ ಲಕ್ಷ್ಮಿ ಹೋಗ್ತಾಳ," ಎನ್ನುತ್ತಾರೆ. ಸರಿ, ಹಾಡಹಗಲೇ ಹೋಗಿ ಕೇಳಿದೆ.

"ಓವನ್ನಿನ್ಯಾಗ ದೀಪಾ ಹತ್ತೇ ಇರ್ತದಲ್ಲ?"

ಇದಕ್ಕೇನು ಹೇಳುತ್ತೀರಿ? ನಾನು ನಮ್ಮೂರು ಅರೋರಾಕ್ಕೆ ವಾಪಸ್ ಬಂದು ಅಂಗಡಿಯ ಡಬ್ಬಿ ಮೊಸರನ್ನೇ ತಿಂದುಕೊಂಡಿದ್ದೆ.

ಕಳೆದ ವರ್ಷ ನಾನೂ ನಮ್ಮವರೂ ನಮೀಬಿಯಾಕ್ಕೆ ಹೊರಟಾಗ ಭಾವನನ್ನೂ ಎಳೆದುಕೊಂಡು ಹೋದೆವು. ಅವರು ಅಕ್ಕನ ಉಪಾಯದಂತೆ ಕರ್ಚೀಫಿಗೆ ಹೆಪ್ಪು ಸವರಿ, ಒಣಗಿಸಿ, ಕಿಸೆಗಿಟ್ಟುಕೊಂಡರು. ಮನೆಯ ಫ್ರಿಜ್ಜನ್ನು ಖಾಲಿ ಮಾಡಿ, ತೊಳೆದು, ಆಫ್ ಮಾಡಿಯೂ ಬಂದರು. "ಆಕಿ ನನ್ನ ಕಿಸೆದಾಗ ಇರೋವಾಗ ಸುಮ್ನ ಕರೆಂಟ್ ಯಾಕ ಸುಡಬೇಕು?"

ಕುನೇನೆ ನದಿಯ ದಂಡೆಯಲ್ಲಿ ನಮ್ಮ ಕ್ಯಾಂಪು. ಸುತ್ತ ಮೈಲುಗಟ್ಟಲೆ ಕಲ್ಲುಗುಡ್ಡ ಬಿಟ್ಟರೆ ನರಪಿಳ್ಳೆಯಿಲ್ಲ. ಮೊಸಳೆ ನೋಡಲು ಬಂದ ಜರ್ಮನ್ ದಂಪತಿಗಳು ಭಾವನ ಬಾಯಲ್ಲಿ ಮೊಸರಿನ ಪುರಾಣ ಕೇಳಿ, ಮೊಸಳೆಯೇ ವಾಸಿ ಎಂದು ನದಿಯತ್ತ ಎದ್ದು ಹೋದರು.

ಎರಡನೆಯ ದಿನ ಟೆಂಟಿಗೆ ಮರಳಿದರೆ, ಭಾವ ಬಿಚ್ಚಿಟ್ಟಿದ್ದ ಅಂಗಿಯ ಕಿಸೆಯ ಕರ್ಚೀಫು ಒಗೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು, ಚೌಕಾಕಾರ ಮಡಚಿಕೊಂಡು ದಿಂಬಿನ ಮೇಲೆ ಕೂತಿದೆ. ಕ್ಯಾಂಪಿನವರ ಅತಿಥಿ ಸತ್ಕಾರ! ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವ ಅದನ್ನು ಮೂಸಿ ನೋಡಿದರು, ಮತ್ತೆ ಮೂಸಿದರು. "ಹೋತವಾ," ಎಂದು ಮಂಚದ ಮೇಲೆ ಕುಸಿದರು.

ಮರುದಿನ ಹಿಂಬಾ ಜನರ ಹಟ್ಟಿಗೆ ಹೋಗುವುದಿತ್ತು. ಅವರು ದನ ಸಾಕುವವರು. ಹೆಂಗಸರು ಕೆಮ್ಮಣ್ಣಿಗೆ ಬೆಣ್ಣೆ ಕಲಸಿ ಮೈಗೆ ಹಚ್ಚಿಕೊಳ್ಳುತ್ತಾರೆ ಎಂದು ಗೈಡ್ ಹೇಳಿದ. ಅಲ್ಲಿಯವರೆಗೆ ಜೀಪಿನಲ್ಲಿ ಮುದುಡಿ ಕೂತಿದ್ದ ಭಾವ ನೆಟ್ಟಗಾದರು. "ಬೆಣ್ಣಿ ಅದ ಅಂದ್ರ ಮೊಸರೂ ಇರಲಿಕ್ಕೇ ಬೇಕು."

ಇತ್ತು. ಒಬ್ಬ ಹೆಂಗಸು ಕೊಂಬೆಗೆ ಕಟ್ಟಿದ ಸೋರೆಬುರುಡೆಯನ್ನು ತೂಗುತ್ತ ಹಾಲು ಕಡೆಯುತ್ತಿದ್ದಳು. ಭಾವ ಅವಳೆದುರು ಕುಕ್ಕರಗಾಲಲ್ಲಿ ಕೂತು, ಹೆಪ್ಪು ಎಲ್ಲಿಯದೆಂದು ಗೈಡ್ ಮೂಲಕ ಕೇಳಿಸಿದರು. ಬುರುಡೆಯಲ್ಲಿ ಉಳಿದ ಹಳೆಯದೇ ಹೊಸ ಹಾಲಿಗೆ ಹೆಪ್ಪು, ಇದರಲ್ಲೇನು ಕೇಳುವುದಿದೆ ಎಂದಳು. ಭಾವ ತಮ್ಮ ಕಥೆ ಹೇಳಿದರು. ಇಸ್ತ್ರಿಯ ಭಾಗ ಬಂದಾಗ ಅವಳು ಬುರುಡೆ ಬಿಟ್ಟು ನಕ್ಕಳು.

"ಅದಕ್ಕೇನು, ಪಕ್ಕದ ಮನೆಯಿಂದ ತಂದುಕೊಳ್ಳಿ ಅಂತಾಳೆ," ಎಂದ ಗೈಡ್.

"ನಾನು ಯಾರಿಗೂ ಕೊಟ್ಟಿಲ್ಲ."

ಅವಳೇನೋ ಅಂದಳು. ಗೈಡ್ ಆಕಾಶ ನೋಡಿದ. "ಅದು ಬೇಡ ಬಿಡಿ, ಸರ್."

ಅವಳು ಬಿಡಲಿಲ್ಲ, ಗೈಡ್ ಅನುವಾದಿಸಲೇಬೇಕಾಯಿತು. "ನೀವು ಕೊಟ್ಟಿಲ್ಲ, ಸರಿ. ನಿಮ್ಮ ಹೆಂಡತಿಯೂ ಕೊಟ್ಟಿರಲಿಲ್ಲವಾ ಅಂತ ಕೇಳ್ತಿದ್ದಾಳೆ."

ನಾನು ಕ್ಯಾಂಪಿಗೆ ಮರಳಿದವಳೇ ಅಕ್ಕನ ಗೆಳತಿಯರ ಗುಂಪಿಗೆ ಒಂದು ಮೆಸೇಜ್ ಹಾಕಿದೆ. ಭಾವನಿಗೆ ಹೇಳಲಿಲ್ಲ; ಇಲ್ಲದ ಆಸೆ ಹುಟ್ಟಿಸುವುದೇಕೆ?

ಡೆಟ್ರಾಯಿಟ್‌ನಲ್ಲಿ ಇಳಿದು ಅವರ ಮನೆ ಸೇರಿ ಸೂಟ್‌ಕೇಸ್ ಇಡುವಷ್ಟರಲ್ಲಿ ಬೆಲ್ ಆಯಿತು. ಹಿಂದಿನ ಬೀದಿಯ ಹುಡುಗಿ ಬಟ್ಟಲು ಹಿಡಿದು ನಿಂತಿದ್ದಳು. "ಅಂಕಲ್, ಇದು ಆಂಟಿ ಕೊಟ್ಟಿದ್ದ ಹೆಪ್ಪು. ನೀವು ಪ್ಲಾಂಟ್‌ಗೆ ಹೋಗಿದ್ದಾಗ ಕೊಟ್ಟಿದ್ರು. ನಿಮಗೆ ಹೇಳ್ಬೇಡ ಅಂದಿದ್ರು."

ಅವಳ ಹಿಂದೆಯೇ ಒಂದು ಕಾರು, ಅದರಿಂದ ಒಂದು ಡಬ್ಬಿ. ಸಂಜೆಯೊಳಗೆ ಅಡುಗೆಮನೆಯ ಕೌಂಟರ್ ತುಂಬಿಹೋಯಿತು. ನನ್ನಕ್ಕ ಗಂಡನ ಕಣ್ಣು ತಪ್ಪಿಸಿ ಅರ್ಧ ಮಿಷಿಗನ್ನಿಗೆ ಹೆಪ್ಪು ಹಂಚಿದ್ದಳು! ಭಾವ ಒಂದು ಚಮಚ ಬಾಯಿಗಿಟ್ಟು, "ಆಕೀದ," ಎಂದರು. ಕಣ್ಣೊರೆಸಲು ಕಿಸೆಯಿಂದ ತೆಗೆದದ್ದು ಅದೇ ಇಸ್ತ್ರಿಯ ಕರ್ಚೀಫು.

ನಾವು ಅರೋರಾಕ್ಕೆ ಹೊರಡುವಾಗ ದೇವರ ಮುಂದೆ ದೀಪ ಹಚ್ಚಿ ಬಂದ ಭಾವ, ನನ್ನ ಕೈಗೆ ಸಣ್ಣ ಸ್ಟೀಲ್ ಡಬ್ಬಿಯೊಂದನ್ನು ಇಟ್ಟರು. ನಾನು ಅವರ ಮುಖವನ್ನೇ ನೋಡಿದೆ.

"ಭಾವ, ದೀಪ ಹಚ್ಚಿ ಆಯ್ತಲ್ಲ?"

"ತಗೊಂಡು ಹೋಗವಾ. ನಿಮ್ಮಕ್ಕ ನಿಮ್ಮ ಮನ್ಯಾಗೂ ಇರಲಿ."