ಗೋಡೆ ಪುಡಿ ಕೇಳಿದ ಪುಡಿಯಕ್ಕ

ಪುಡಿಯಕ್ಕನ ಬಗ್ಗೆ ನಾಲ್ಕು ಜನಕ್ಕೆ ಹೇಳಲೇಬೇಕು. ಯಾಕೆ ಅಂದ್ರೆ, ದುಡ್ಡು ಹಿಡ್ಕೊಂಡು ನಿಂತ ಗಿರಾಕೀನ "ನಿಮಗೆ ಮಾರಲ್ಲ, ಹೋಗಿ" ಅಂತ ವಾಪಸ್ ಕಳಿಸೋ ಅಂಗಡಿಯವರನ್ನ ನಾನು ಹುಟ್ಟಿದಾಗಿಂದ ನೋಡಿರ್ಲಿಲ್ಲ. ಆ ಗಿರಾಕಿ ನಾನೇ. ಅವತ್ತು ಅವರ ಮಾತು ಕೇಳಿದ್ದಿದ್ರೆ ನಮ್ಮನೆ ಗೋಡೆ ಇವತ್ತೂ ಗೋಡೆ ಥರಾನೇ ಇರ್ತಿತ್ತು!

ನಾನು ಟೈಲರ್. ಮಾತು ಕಮ್ಮಿ. ಬಾಯಲ್ಲಿ ಯಾವಾಗ್ಲೂ ಗುಂಡುಪಿನ್ನು ಕಚ್ಕೊಂಡಿರ್ತೀನಿ, ಮಾತಾಡಿದ್ರೆ ನುಂಗಿಬಿಡ್ತೀನಿ. ಓದಿದ್ದು ನಾಲ್ಕನೇ ಕ್ಲಾಸು. ಬರೆಯೋದು ಅಂದ್ರೆ ಎದೆ ಸುತ್ತಳತೆ, ತೋಳುದ್ದ, ಅಷ್ಟೇ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮತ್ತೆ, ಅಂದ್ರೆ ಹೆಂಡತಿಯ ತಾಯಿ, ನಮ್ಮ ಜೊತೇಲೇ ಇರೋದು. ಅವರು ಜಾರಿ ಬಿದ್ದು ಸೊಂಟದ ಆಪರೇಷನ್ ಆಯ್ತು. ಮನೆಗೆ ಕಳಿಸೋ ಮುಂಚೆ ಆಸ್ಪತ್ರೆಯ ಫಿಸಿಯೋ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ರು. "ಮಲಗೋ ಕೋಣೆಯಿಂದ ಬಚ್ಚಲಿನ ತನಕ ಗೋಡೆಗೆ ಹಿಡ್ಕೊಳ್ಳೋ ಕಂಬಿ ಬೇಕು. ಶುಕ್ರವಾರ ಸಾಯಂಕಾಲ ಐದಕ್ಕೆ ನಾನೇ ಬಂದು ಎಳೆದು ನೋಡ್ತೀನಿ. ಅಲ್ಲಾಡ್ತೋ, ಅಮ್ಮ ಎರಡು ತಿಂಗಳು ಆರೈಕೆ ಕೇಂದ್ರಕ್ಕೆ."

ಅತ್ತೆ ನನ್ನ ಕೈ ಹಿಡ್ಕೊಂಡ್ರು. "ಅಳಿಯಂದ್ರೇ, ಆ ಕೇಂದ್ರದಲ್ಲಿ ಊಟ ಆದ್ಮೇಲೆ ಯಾರೂ ಮಾತಾಡಂಗಿಲ್ವಂತೆ. ಸೊಂಟ ಇಲ್ದೆ ಇದ್ದೇನು, ಮಾತಿಲ್ದೆ ಇರಲ್ಲಪ್ಪ ನಾನು. ನನ್ನ ಮನೆಗೆ ಕರ್ಕೊಂಡು ಹೋಗಿ."

ಎದೆ ಉಬ್ಬಿಸಿದೆ. "ಕಂಬಿ ನಾನೇ ಹಾಕ್ತೀನಿ!" ಅಂದೆ. ರಾಜರು ಯುದ್ಧಕ್ಕೆ ಹೊರಡುವಾಗ ಹೀಗೇ ಹೇಳ್ತಿದ್ರೇನೋ.

ಹೆಂಡತಿ ದಾರೀಲೇ ಶುರು ಮಾಡಿದ್ಲು. "ರೀ, ಗಾರೆಯವರನ್ನ ಕರೀರಿ."

"ಬೇಡ."

"ನಿಮಗೆ ಕ್ಯಾಲೆಂಡರ್ ಮೊಳೆ ಹೊಡಿಯೋಕೇ ಬರಲ್ಲ."

"ಗೊತ್ತು."

"ಮತ್ತೆ?"

"ಮಿಷನ್ ತರ್ತೀನಿ."

"ಯಾವ್ದು, ಹೊಲಿಗೆದಾ?"

ದಾರೀಲೇ ಕಂಬಿ, ಅದನ್ನ ಗೋಡೆಗೆ ಕಚ್ಚಿಸೋ ಕ್ಲ್ಯಾಂಪು ಕೊಂಡ್ಕೊಂಡೆ. ಮನೇಲಿ ಒಂದು ಹಳೇ ಪುಟ್ಟ ಡ್ರಿಲ್ ಇತ್ತು, ಮರಕ್ಕೆ ಹಾಕೋದು. ಕಂಬಿ ಶುರುವಾಗೋ ಜಾಗದಲ್ಲಿ ಅದನ್ನ ಒತ್ತಿ ನೋಡಿದೆ. ಕಿರುಚ್ತು, ಹೊಗೆ ಬಿಡ್ತು, ಒಂದು ಚಿಟಿಕೆ ಬೂದು ಪುಡಿ ಉದುರಿಸ್ತು. ಗೋಡೆಗೆ ಒಂದು ಗೀರು ಬಿತ್ತು. ಸೊಳ್ಳೆ ಕಚ್ಚಿದ್ರೂ ಅದಕ್ಕಿಂತ ಆಳ ಹೋಗುತ್ತೆ! ಇದು ಕಲ್ಲಿನಂಥ ಕಾಂಕ್ರೀಟ್ ಅಂತ ತೀರ್ಮಾನ ಮಾಡಿ, ಸಲಕರಣೆ ಅಂಗಡಿಗೆ ಹೊರಟೆ.

ಟೈರ್ ಅಂಗಡಿ ಮತ್ತೆ ಬೀಗದ ಕೈ ಮಾಡೋರ ಮಧ್ಯ ಒಂದು ಬಾಗಿಲಿನಷ್ಟೇ ಅಗಲದ ಅಂಗಡಿ. ಒಳಗೆ ಅರವತ್ತು ದಾಟಿದ ಹೆಂಗಸು. ಕತ್ತರಿಸಿದ ನರೆಗೂದಲು, ದಾರ ಕಟ್ಟಿದ ಕನ್ನಡಕ, ಮೈಗೆ ಸಾಲದ ಏಪ್ರನ್ನು, ಅದರ ಜೇಬು ಹರಿದು ಜೋತಾಡ್ತಿತ್ತು. ಟೈಲರ್ ಕಣ್ಣಿಗೆ ಅದೇ ಮೊದಲು ಬೀಳೋದು. ಹಿಂದೆ ಹಲಗೆ ತುಂಬ ಗಾಜಿನ ಶೀಶೆ, ಪ್ರತಿ ಶೀಶೇಲೂ ಒಂದೊಂದು ಬಣ್ಣದ ಪುಡಿ. ಎಲ್ಲರೂ ಪುಡಿಯಕ್ಕ ಅಂತ ಕರೆಯೋದು ಅವರನ್ನೇ.

"ಕಾಂಕ್ರೀಟಿಗೆ ತೂತು ಹಾಕೋ ಮಿಷನ್ ಕೊಡಿ."

"ಬ್ಯಾಟರೀದಾ, ವೈರಿಂದಾ?"

"ವೈರಿಂದು."

"ಒಳ್ಳೇದು, ಅರ್ಧದಲ್ಲಿ ಕೈ ಕೊಡಲ್ಲ. ಪ್ಲಗ್ ಎಷ್ಟು ದೂರ ಇದೆ? ತೂತು ಎಷ್ಟಗಲ? ಎಷ್ಟಾಳ? ಎಷ್ಟು ತೂತು? ಗೋಡೆ ಎಷ್ಟು ದಪ್ಪ? ಗೋಡೆಯಿಂದಾಚೆ ಏನಿದೆ? ಮಿಷನ್ ಹಿಡಿಯೋರು ಯಾರು?"

ಏಳು ಪ್ರಶ್ನೆ! ಹೆಣ್ಣು ನೋಡೋಕೆ ಹೋದಾಗ್ಲೂ ಮಾವ ನನ್ನ ಇಷ್ಟು ಕೇಳಿರ್ಲಿಲ್ಲ. ಎಲ್ಲಕ್ಕೂ ಸೇರಿಸಿ ಒಂದೇ ಉತ್ತರ ಕೊಟ್ಟೆ.

"ದೊಡ್ಡದು ಕೊಡಿ."

ಅವರು ಕನ್ನಡಕ ಮೇಲೆತ್ತಿ ನೋಡಿದ್ರು. "ಗೋಡೆ ಪುಡಿ ತಂದಿದ್ದೀರಾ?"

"ಏನು?"

"ಗೋಡೆ ಒಳಗಿನ ಪುಡಿ. ಕಂಬಿಗೆ ಎಷ್ಟು ಕ್ಲ್ಯಾಂಪು?"

"ಐದು."

"ಐದು ಜಾಗದಲ್ಲೂ ಚಿಕ್ಕ ಡ್ರಿಲ್ಲಲ್ಲಿ ಒಂಚೂರು ಕೊರೆದು, ಐದು ಪೊಟ್ಟಣ ಕಟ್ಕೊಂಡು ಬನ್ನಿ. ಬೂದು ಬಂದ್ರೆ ಕಾಂಕ್ರೀಟು. ಕೆಂಪು ಬಂದ್ರೆ ಇಟ್ಟಿಗೆ. ಬಿಳೀ ಬಂದ್ರೆ ನೀವಿನ್ನೂ ಗೋಡೆ ಒಳಗೆ ಹೋಗೇ ಇಲ್ಲ."

"ನೋಡಿದ್ದೀನಿ. ಬೂದು."

"ಎಷ್ಟು ಜಾಗ ನೋಡಿದ್ರಿ?"

"ಒಂದು."

"ಉಳಿದ ನಾಲ್ಕು?"

"ಅದೇ ಗೋಡೆ ಅಲ್ವಾ!"

ಅವರು ನನ್ನ ಕುತ್ತಿಗೇಲಿ ನೇತಾಡ್ತಿದ್ದ ಟೇಪ್ ನೋಡಿದ್ರು. "ಟೈಲರಣ್ಣ, ನಾನು ಬಟ್ಟೆ ಹೊಲಿಸೋಕೆ ಬಂದ್ರೆ ಬರೀ ಒಂದು ತೋಳು ಅಳೆದು ಕಳಿಸ್ತೀರಾ? ನಿಮಗೆ ಬೇಕಾಗಿರೋದು ಮೂರು ಕೇಜಿ ಮಿಷನ್ನು. ಅದರ ಹೊಟ್ಟೇಲೇ ಸುತ್ತಿಗೆ ಇದೆ, ತಾನೇ ಬಡ್ಕೊಂಡು ಹೋಗುತ್ತೆ, ನೀವು ಒತ್ತೋದು ಬೇಡ. ಇಟ್ಟಿಗೆ ಸಿಕ್ಕಿದ್ರೆ ಸುತ್ತಿಗೆ ನಿಲ್ಸಿ ಬರೀ ತಿರುಗಿಸ್ಬೇಕು. ದೊಡ್ಡದು ಗೋಡೆ ಕೆಡವೋರಿಗೆ. ಪುಡಿ ತನ್ನಿ, ಆಮೇಲೆ ಮಿಷನ್."

"ದುಡ್ಡು ತಂದಿದ್ದೀನಲ್ಲ!"

"ಪುಡಿ ತಂದಿಲ್ವಲ್ಲ. ಮಾರಲ್ಲ, ಹೋಗಿ."

ಮೈಯೆಲ್ಲ ಉರಿದುಹೋಯ್ತು. ಮನೆಗೆ ಬಂದು ಹೆಂಡತಿ ಹತ್ರ ಒಂದೇ ಉಸಿರಿಗೆ ಕೂಗಾಡಿದೆ. "ಐದು ಪೊಟ್ಟಣ ಗೋಡೆ ಪುಡಿ ಬೇಕಂತೆ! ಬೂದು ಅಂತೆ, ಕೆಂಪು ಅಂತೆ! ಅದೇನು ಸಲಕರಣೆ ಅಂಗಡಿನೋ, ಮೂಲಿಕೆ ವೈದ್ಯರ ಮನೆನೋ!" ಅವಳು ನನ್ನೇ ನೋಡ್ತಾ ನಿಂತ್ಲು. ಮದುವೆಯಾದ್ಮೇಲೆ ನಾನು ಆಡಿದ ಅತೀ ಉದ್ದದ ಮಾತು ಅದೇ ಅಂತೆ.

ಮಾರನೇ ದಿನ ಇನ್ನೊಂದು ಅಂಗಡಿಗೆ ಹೋದೆ. ದೊಡ್ಡ ಗಾಜಿನ ಬಾಗಿಲು, ಟೈ ಕಟ್ಟಿದ ಮನುಷ್ಯ. "ದೊಡ್ಡದು" ಅಂದೆ. "ದೊಡ್ಡದಾ ಸಾರ್? ಬನ್ನಿ ಸಾರ್!" ಒಂದು ಪ್ರಶ್ನೆ ಇಲ್ಲ! ಹತ್ತು ಕೇಜಿ ಮಿಷನ್ನು, ಅದರ ಮೂತಿಗೆ ಹೆಬ್ಬೆರಳು ದಪ್ಪದ, ಮೊಳದುದ್ದದ ಡ್ರಿಲ್ ಬಿಟ್ಟು, ಅಂದ್ರೆ ಕೊರೆಯೋ ಕಡ್ಡಿ. ಕಂಬಿ ಜೊತೆ ಬಂದಿದ್ದ ಪ್ಲಾಸ್ಟಿಕ್ ಗೂಟ ನನ್ನ ಕಿರುಬೆರಳಿನಷ್ಟು. ಅದು ಗೊತ್ತಿತ್ತು. ಆದ್ರೆ ನನಗೆ ಕೆಲಸ ಕಲಿಸಿದ ಮೇಷ್ಟ್ರು ಮೊದಲನೇ ದಿನಾನೇ ಹೇಳಿದ್ರು, ಅನುಮಾನ ಬಂದ್ರೆ ಬಟ್ಟೆ ದೊಡ್ಡದಾಗಿ ಕತ್ತರಿಸು, ಆಮೇಲೆ ಹಿಡಿದು ಹೊಲಿದು ಚಿಕ್ಕದು ಮಾಡಬಹುದು ಅಂತ. ಮೂವತ್ತು ವರ್ಷ ಆ ಮಾತು ನಂಬಿ ಒಂದು ಶರ್ಟೂ ಕೆಟ್ಟಿಲ್ಲ. ತೂತಿಗೂ ಅದೇ ಲೆಕ್ಕ ಹಾಕಿದೆ.

ಮಿಷನ್ನನ್ನ ಕೂಸಿನ ಥರ ತೋಳಲ್ಲಿ ಎತ್ಕೊಂಡು ಬಂದೆ. ಹೆಂಡತಿ ಬಾಗಿಲು ತೆಗೆದು ಹೆದರಿ ಹಿಂದೆ ಸರಿದ್ಲು.

"ರೀ, ಯಾವ ಕೋಟೆ ಮೇಲೆ ದಾಳಿ?"

"ಕಂಬಿ."

"ಇದು ಕಂಬಿಗಲ್ಲ, ಕಟ್ಟಡಕ್ಕೆ!"

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಸೊಂಟಕ್ಕೆ ಟವೆಲ್ ಬಿಗಿದು ನಿಂತೆ. ಮೊದಲನೇ ತೂತು, ಕಂಬಿ ಶುರುವಾಗೋ ಜಾಗ. ಗುಂಡಿ ಒತ್ತಿದೆ. ಗಡಗಡಗಡ! ನನ್ನ ಹಲ್ಲು, ಕನ್ನಡಕ, ಕಿಟಕಿ, ಪಕ್ಕದ ಮನೆ ನಾಯಿ, ಎಲ್ಲ ಒಟ್ಟಿಗೆ ಅಲ್ಲಾಡಿದ್ವು. ಇಡೀ ಮೈ ಭಾರ ಹಾಕಿ ಒತ್ತಿದೆ. ಬೂದು ಪುಡಿ ಸುರಿದು ತೂತು ಬಿತ್ತು. ಆಹಾ! ದಂಡನಾಯಕನ ಥರ ಮೀಸೆ ತಿರುವಿದೆ. ಮೀಸೆ ತುಂಬ ಸಿಮೆಂಟು.

ಎರಡನೇ ತೂತು ನಾಲ್ಕಡಿ ಆಚೆ. ಅದೇ ಮಿಷನ್ನು, ಅದೇ ಗೋಡೆ, ಅದೇ ಮೈ ಭಾರ. ಗುಂಡಿ ಒತ್ತಿದೆ. ಗಡ ಅನ್ನೋದರೊಳಗೆ ಕೆಂಪು ಪುಡಿ ಹಾರ್ತು. ಮಿಷನ್ನು ಬೆಣ್ಣೆಗೆ ಚಾಕು ಹೋದ ಹಾಗೆ ಕುತ್ತಿಗೆ ತನಕ ಒಳಗೆ ಹೋಯ್ತು. ಹಿಂದೇನೇ ನಾನೂ ಹೋಗಿ ಗೋಡೆಗೆ ಕೆನ್ನೆ ಅಂಟಿಸ್ಕೊಂಡು ನಿಂತೆ. ಆಚೆ ಕಡೆ ಧಡಾರ್! ಆಮೇಲೆ ಠಣ್, ಠಣ್, ಠಣ್. ಆಮೇಲೆ ಮೌನ. ಆ ಥರದ ಮೌನ ನನಗೆ ಮದುವೆಯಾದಾಗಿಂದ ಪರಿಚಯ.

ಗೋಡೆಯಿಂದಾಚೆ ಏನಿದೆ ಅಂತ ಪುಡಿಯಕ್ಕ ಕೇಳಿದ್ರಲ್ಲ? ಅಡುಗೆಮನೆ ಇತ್ತು.

ಡ್ರಿಲ್ ಬಿಟ್ಟನ್ನ ಈಚೆ ಎಳ್ಕೊಂಡೆ. ತೂತಿನಿಂದ ಧ್ವನಿ ಬಂತು.

"ರೀ."

"ಹ್ಞೂಂ."

"ಹಾಲಿನ ಪಾತ್ರೇಲಿ ಇದೇನ್ರೀ?"

"ಇಟ್ಟಿಗೆ."

"ಅಡುಗೆಮನೆಗೆ ಬರೋಕೆ ಬಾಗಿಲಿತ್ತಲ್ರೀ!"

ಬಗ್ಗಿ ತೂತಲ್ಲಿ ನೋಡಿದೆ. ಆಚೆಯಿಂದ ಅವಳ ಕಣ್ಣು. ಮೂವತ್ತು ವರ್ಷದಲ್ಲಿ ಅವಳ ಎರಡು ಕಣ್ಣಿಗೂ ಹೆದರಿ ಅಭ್ಯಾಸ ಆಗಿತ್ತು. ಒಂದೇ ಕಣ್ಣು ಅದಕ್ಕಿಂತ ಭಯಂಕರ! ಓಡಿಹೋಗಿ ನೋಡ್ತೀನಿ, ನನ್ನ ಕಡೆ ಹೆಬ್ಬೆರಳು ಗಾತ್ರದ ತೂತು, ಅಡುಗೆಮನೆ ಕಡೆ ಊಟದ ತಟ್ಟೆ ಗಾತ್ರಕ್ಕೆ ಇಟ್ಟಿಗೆ ಎದ್ದು ಬಂದಿದೆ. ಪಾತ್ರೆ ಹಲಗೆ ನೆಲದಲ್ಲಿದೆ. ಸಕ್ಕರೆ ಡಬ್ಬಿ ಬಾಯಿ ಬಿಟ್ಕೊಂಡು ಮಲಗಿದೆ.

ಪರವಾಗಿಲ್ಲ, ಹಿಡಿದು ಹೊಲಿದ್ರಾಯ್ತು ಅಂತ ಈಚೆ ಬಂದೆ. ಮೊದಲನೇ ತೂತಿಗೆ ಪ್ಲಾಸ್ಟಿಕ್ ಗೂಟ ಹಾಕಿದೆ. ಬಾವಿಗೆ ಕಲ್ಲು ಹಾಕಿದ ಹಾಗೆ ಒಳಗೆ ಹೋಯ್ತು, ವಾಪಸ್ ಬರ್ಲಿಲ್ಲ. ಎರಡನೇದಕ್ಕೆ ಹಾಕಿದೆ. ಅಡುಗೆಮನೇಲಿ ಟಣ್ ಅಂತು. ತೂತಿನಿಂದ ಎರಡು ಬೆರಳು ಬಂದು ಗೂಟ ವಾಪಸ್ ಕೊಟ್ವು. "ತಗೊಳ್ಳಿ, ನಿಮ್ದು."

ಕಾಲರಿಗೆ ಹಾಕೋ ಕ್ಯಾನ್ವಾಸ್ ಸುತ್ತಿ ತುರುಕಿ, ಅದರ ಒಳಗೆ ಗೂಟ ಹಾಕಿದೆ. ಟಣ್. "ತಗೊಳ್ಳಿ. ಈ ಸಲ ಬಟ್ಟೆ ಹಾಕ್ಕೊಂಡು ಬಂದಿದೆ."

ಮೂರು ಗಂಟೆ ಹೊಡೀತು. ಫಿಸಿಯೋ ಮೇಡಂ ಐದಕ್ಕೆ. ಅತ್ತೆ ಆಸ್ಪತ್ರೇಲಿ ಚೀಲ ಕಟ್ಕೊಂಡು ಕೂತಿದ್ದಾರೆ, ಮನೆಗೋ ಆರೈಕೆ ಕೇಂದ್ರಕ್ಕೋ ಅನ್ನೋದು ಈ ಗೋಡೇಲಿದೆ. ಗೋಡೇಲಿ ಬರೀ ತೂತಿದೆ.

ಹೆಂಡತಿ ಬಂದ್ಲು. ಬೈಲಿಲ್ಲ. ಆ ಹಳೇ ಪುಟ್ಟ ಡ್ರಿಲ್ ಕೈಗೆತ್ಕೊಂಡು ಐದು ಗುರುತಿನ ಪಕ್ಕದಲ್ಲೂ ಒಂಚೂರು ಒಂಚೂರು ಕೊರೆದ್ಲು. ಐದು ಪೊಟ್ಟಣ ಕಟ್ಟಿ ಒಂದೊಂದರ ಮೇಲೂ ನಂಬರ್ ಬರೆದ್ಲು.

"ಎಲ್ಲಿಗೆ?"

"ಮೂಲಿಕೆ ವೈದ್ಯರ ಮನೆಗೆ!" ಅಂತ ಚಪ್ಪಲಿ ಮೆಟ್ಕೊಂಡು ಹೋದ್ಲು.

ಮುಕ್ಕಾಲು ಗಂಟೇಲಿ ಇಬ್ಬರಾಗಿ ಬಂದ್ರು. ಪುಡಿಯಕ್ಕ ಅಂಗಡಿಗೆ ಬೀಗ ಹಾಕಿ ಪುಟ್ಟ ಮಿಷನ್ ಹಿಡ್ಕೊಂಡು ತಾವೇ ಬಂದಿದ್ರು. ತೂತು ನೋಡಿದ್ರು. ಹತ್ತು ಕೇಜಿ ಮಿಷನ್ ನೋಡಿದ್ರು. ನನ್ನ ನೋಡಿದ್ರು. ಏನೂ ಹೇಳ್ಲಿಲ್ಲ. ಮಾತು ಕಮ್ಮಿ ಅಂತ ನನಗೊಂದು ಹೆಮ್ಮೆ ಇತ್ತಲ್ಲ, ಅದೂ ಅವತ್ತಿಗೆ ಹೋಯ್ತು. ಸುಮ್ಮನಿರೋದರಲ್ಲೂ ಅವರೇ ನನಗಿಂತ ಜೋರು!

"ಒಂದನೇದೂ ಐದನೇದೂ ಕಂಬದ ಮೇಲೆ, ಕಾಂಕ್ರೀಟು. ಮಧ್ಯದ ಮೂರೂ ಇಟ್ಟಿಗೆ. ನಿಮ್ಮ ತೂತು ಯಾವುದಕ್ಕೂ ಆಗಲ್ಲ, ಒಂದು ಗೇಣು ಪಕ್ಕಕ್ಕೆ ಹಾಕಿ. ಹಿಡೀರಿ ಮಿಷನ್" ಅಂದ್ರು ಪುಡಿಯಕ್ಕ.

"ನಾನಾ?"

"ಅತ್ತೆಗೆ ಮಾತು ಕೊಟ್ಟೋರು ನೀವಲ್ವಾ?"

ಡ್ರಿಲ್ ಬಿಟ್ಟಿನ ತುದಿಯಿಂದ ಎರಡೂವರೆ ಇಂಚಿಗೆ ಅಂಟುಪಟ್ಟಿ ಸುತ್ತಿದ್ರು, ಅಲ್ಲಿಗೆ ನಿಲ್ಸು ಅಂತ ಗುರುತು. ನಾನು ಮೈ ಭಾರ ಹಾಕೋಕೆ ಹೋದೆ. ಬೆನ್ನಿಗೆ ಒಂದು ಏಟು ಬಿತ್ತು.

"ಹೊಲಿಗೆ ಮಿಷನ್ನಲ್ಲಿ ಬಟ್ಟೆ ಜಗ್ತೀರಾ?"

"ಇಲ್ಲ. ಸೂಜಿ ಮುರಿಯುತ್ತೆ."

"ಏನ್ ಮಾಡ್ತೀರಾ?"

"ಸುಮ್ನೆ ಕೈ ಇಟ್ಕೊಂಡಿರ್ತೀನಿ. ಅದೇ ಎಳ್ಕೊಳುತ್ತೆ."

"ಹ್ಞಾಂ. ಅಷ್ಟೇ."

ಅಷ್ಟೇ ಆಗಿತ್ತು ಕಣ್ರೀ! ಕಂಬದಲ್ಲಿ ಅದು ತಾನೇ ಬಡ್ಕೊಂಡು ಹೋಯ್ತು. ಇಟ್ಟಿಗೇಲಿ ಅವರು ಒಂದು ಗುಂಡಿ ತಿರುವಿ ಬಡಿತ ನಿಲ್ಸಿದ್ರು, ಸದ್ದಿಲ್ದೆ ತಿರುಗ್ಕೊಂಡು ಹೋಯ್ತು. ಐದು ಕ್ಲ್ಯಾಂಪೂ ಐದಕ್ಕೆ ಹತ್ತು ನಿಮಿಷ ಇರುವಾಗ ಕೂತ್ವು.

ಫಿಸಿಯೋ ಮೇಡಂ ಬಂದು ಕಂಬಿ ಜಗ್ಗಿದ್ರು. ಅಲ್ಲಾಡ್ಲಿಲ್ಲ. ಎರಡು ಕೈಯಲ್ಲೂ ಹಿಡ್ಕೊಂಡು ಜೋತುಬಿದ್ರು. ಊಹ್ಞೂಂ! ಕಾಗದಕ್ಕೆ ಸಹಿ ಹಾಕಿ ತಲೆ ಎತ್ತಿದ್ರು. ಕಂಬಿ ಪಕ್ಕದಲ್ಲಿ ಅಡುಗೆಮನೆ ಕಾಣಿಸ್ತಿತ್ತು.

"ಇದೇನಿದು?"

"ನಮ್ಮ ಮನೆಯವರು" ಅಂದ್ಲು ಹೆಂಡತಿ.

ಶನಿವಾರ ಅತ್ತೆ ಕಂಬಿ ಹಿಡ್ಕೊಂಡು ಒಂದೊಂದೇ ಹೆಜ್ಜೆ ಇಟ್ಕೊಂಡು ನಡೆದ್ರು. ತೂತಿನ ಹತ್ರ ನಿಂತ್ರು. ಅದಕ್ಕೆ ಕಿವಿ ಇಟ್ರು, ಬಾಯಿ ಇಟ್ರು. "ಮಗಳೇ, ಕೇಳಿಸ್ತಾ?" ಒಳಗಿಂದ "ಕೇಳಿಸ್ತಮ್ಮ" ಅಂತ ಬಂತು. ಅತ್ತೆ ಮುಖ ಅರಳ್ತು. "ಅಳಿಯಂದ್ರೇ, ಇದನ್ನ ಮುಚ್ಚಿಸಿಗಿಚ್ಚಿಸೀರಿ, ಜೋಕೆ!" ಈಗ ಬೆಳಗಿಂದ ರಾತ್ರಿ ತನಕ ಅಲ್ಲೇ ಕುರ್ಚಿ. ಅಡುಗೆಮನೇಲಿ ಅವರ ಬಗ್ಗೆ ಒಂದು ಮಾತಾಡೋ ಹಾಗಿಲ್ಲ.

ದೊಡ್ಡ ಮಿಷನ್ನು ನನ್ನ ಅಂಗಡೀಲಿದೆ. ಗಾಳಿಗೆ ಬಾಗಿಲು ಹಾಕ್ಕೊಳ್ಳದ ಹಾಗೆ ಅಡ್ಡ ಇಟ್ಟಿದ್ದೀನಿ. ಆ ಕೆಲಸ ಚೆನ್ನಾಗಿ ಮಾಡುತ್ತೆ.

ಹೋದ ವಾರ ಪುಡಿಯಕ್ಕ ಅದನ್ನ ದಾಟ್ಕೊಂಡು ಅಂಗಡಿ ಒಳಗೆ ಬಂದ್ರು. ಕೈಯಲ್ಲಿ ಆ ಹರಿದ ಏಪ್ರನ್ನು.

"ಹೊಸದೊಂದು ಹೊಲ್ಕೊಡಿ ಟೈಲರಣ್ಣ."

ನಾನು ಟೇಪ್ ತೆಗೆದೆ. "ಯಾವ ಬಟ್ಟೆ ಅಕ್ಕ? ಉದ್ದ ಎಷ್ಟು ಬರಬೇಕು? ಜೇಬು ಎಷ್ಟು? ಜೇಬಲ್ಲಿ ಏನಿಡ್ತೀರಾ? ಕಟ್ಟೋದು ಹಿಂದೆನಾ, ಪಕ್ಕಾನಾ?"

ಅವರು ಬಾಗಿಲ ಹತ್ರ ಹೋಗಿ ತಿರುಗಿ ನಿಂತ್ರು.

"ದೊಡ್ಡದು" ಅಂದ್ರು. ಹೋಗೇಬಿಟ್ರು!

ಕಣ್ಣಳತೇಲೇ ಹೊಲಿದು ಕಳಿಸಿದ್ದೀನಿ. ಸರಿಹೋಯ್ತಾ ಅಂತ ಹೋಗಿ ಕೇಳೋಕೆ ನನಗೆ ಮುಖ ಇಲ್ಲ. ಆದ್ದರಿಂದ ನಿಮ್ಮಲ್ಲಿ ಒಂದು ಕೇಳ್ಕೋತೀನಿ. ಟೈರ್ ಅಂಗಡಿ ಪಕ್ಕದಲ್ಲಿ, ಒಂದು ಬಾಗಿಲಗಲದ ಅಂಗಡಿ. ಒಂದ್ಸಲ ಹೋಗಿ ಅವರನ್ನ ನೋಡಿ. ಪುಡಿ ತಗೊಂಡು ಹೋಗಿ, ಏಳು ಪ್ರಶ್ನೆಗೂ ಬಾಯಿ ಬಿಟ್ಟು ಉತ್ತರ ಹೇಳಿ. ಬರುವಾಗ ಹಾಗೇ, ಏಪ್ರನ್ನು ಭುಜದ ಹತ್ರ ಜೋತಾಡ್ತಿದ್ಯಾ ಅಂತ ಸ್ವಲ್ಪ ನೋಡ್ಕೊಂಡು ಬನ್ನಿ. ಜೋತಾಡ್ತಿದ್ರೆ ಹೇಳಿ, ಹಿಡಿದು ಹೊಲಿದುಕೊಡ್ತೀನಿ. ಅದೊಂದು ನನಗೆ ಬರುತ್ತೆ.