ಅತ್ತಿಗೆಯ ಬಾಯಿಗೆ ಬೀಗ

ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ಕಾಲೇಜಿಗೆ ಸೇರಿ, ಅದರಲ್ಲೂ ಒಮ್ಮೆ ಫೇಲಾದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಅತ್ತಿಗೆ!

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಲ್ಲಿ ಅವರ ಮನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿ ವರ್ಷಗಟ್ಟಲೆ ಬೇರೆಯವರ ತಪ್ಪು ಹುಡುಕಿ ಸಂಬಳ ಎಣಿಸಿದವರು, ಒಂದು ದಿನ ಅದನ್ನು ಬಿಟ್ಟು ಮಾಸ್ಟರ್ಸ್ ಓದಲು ಹೊರಟರು. ವಿಷಯ ಏನಪ್ಪಾ ಎಂದರೆ, ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳುವ ಆಡಳಿತ. ಪಾಠ ಮಾಡುವವರು ಬೇರೆ. ಹಾಸ್ಟೆಲ್ ಜಗಳ, ಮನೆಯ ನೆನಪು, ಪರೀಕ್ಷೆಯ ಭಯ ಹೊತ್ತುಕೊಂಡು ಬರುವವರನ್ನು ಕೂರಿಸಿ ವಿಚಾರಿಸುವವರು ಬೇರೆಯಂತೆ.

"ಇದಕ್ಕೂ ಒಂದು ಡಿಗ್ರಿನಾ?" ಎಂದ ಅಣ್ಣ.

"ಹೂಂ ರೀ. ನಿಮ್ಮನ್ನ ಕಾಲೇಜಲ್ಲಿ ಯಾರಾದ್ರೂ ಸರಿಯಾಗಿ ವಿಚಾರಿಸ್ಕೊಂಡಿದ್ರೆ ನೀವು ಹಿಂಗಿರ್ತಿರಲಿಲ್ಲ" ಎಂದರು ಅತ್ತಿಗೆ.

ನಾನೂ ಆಗ ಡಬ್ಲಿನ್ನಿನಲ್ಲೇ ಮಾಸ್ಟರ್ಸ್ ಓದುತ್ತಿದ್ದೆ. ಗೆಳೆಯನೊಬ್ಬನ ಜತೆ ಒಂದೇ ರೂಮಿನಲ್ಲಿದ್ದೆ. ಲಾಕ್‌ಡೌನಿನ ಮೇಲೆ ಲಾಕ್‌ಡೌನ್ ಬಂದು ಕ್ಲಾಸುಗಳೆಲ್ಲ ಲ್ಯಾಪ್‌ಟಾಪಿಗೆ ಇಳಿದಾಗ ಅವನು ಬೆಂಗಳೂರಿನ ವಿಮಾನ ಹತ್ತಿದ; ನಾನು ಗಂಟುಮೂಟೆ ಕಟ್ಟಿಕೊಂಡು ಅಣ್ಣನ ಮನೆಯ ಮಹಡಿಯ ಪುಟ್ಟ ಕೋಣೆ ಸೇರಿದೆ. ಹಾಗಾಗಿ ಅತ್ತಿಗೆಯ ವಿದ್ಯಾಭ್ಯಾಸದ ಪೂರ್ತಿ ಫಲ ನನಗೂ ಸಿಕ್ಕಿತು.

ಅತ್ತಿಗೆಯ ಚಾಳಿ ಒಂದೇ: ಸಲಹೆ. ಕೇಳಿದವರಿಗೆ ಕೊಡುವುದು ಮಾಮೂಲು. ಅತ್ತಿಗೆ ಕೇಳದವರಿಗೂ ಕೊಡುತ್ತಿದ್ದರು. ಒಮ್ಮೆ ಫೀನಿಕ್ಸ್ ಪಾರ್ಕಿನಲ್ಲಿ ಚಡ್ಡಿ ಹಾಕಿಕೊಂಡು ಓಡುತ್ತಿದ್ದ ಐರಿಷ್ ಹುಡುಗನೊಬ್ಬನನ್ನು ತಡೆದು, ಇಂಥ ಗಾಳಿಯಲ್ಲಿ ಕಿವಿ ಮುಚ್ಚಿಕೊಳ್ಳದೆ ಓಡಬಾರದು ಎಂದರು. ಎರಡು ಮೀಟರ್ ದೂರ ನಿಲ್ಲಬೇಕಾದ ಕಾಲ ಬೇರೆ. ಅಷ್ಟು ದೂರದಿಂದ ಹೇಳಬೇಕೆಂದರೆ ಕೂಗಿಯೇ ಹೇಳಬೇಕು! ಪಾರ್ಕಿನ ಜಿಂಕೆಗಳೂ ತಲೆಯೆತ್ತಿ ನೋಡಿದವು. ಹುಡುಗ "ಐ ಆಮ್ ಗ್ರ್ಯಾಂಡ್", ಅಂದರೆ ನಾನು ಚೆನ್ನಾಗೇ ಇದ್ದೇನೆ, ಎಂದು ನಕ್ಕು ಓಡಿಹೋದ.

"ಈ ದೇಶದಲ್ಲಿ ಯಾರನ್ನ ಕೇಳಿದ್ರೂ ಗ್ರ್ಯಾಂಡ್ ಅಂತಾರೆ" ಎಂದು ಗೊಣಗಿದರು ಅತ್ತಿಗೆ. "ಚೆನ್ನಾಗಿದಾರೋ ಇಲ್ವೋ ಗೊತ್ತಾಗೋದು ಹೆಂಗೋ?"

ಇಂಥವರ ಪ್ರಾಕ್ಟಿಕಲ್ ಪರೀಕ್ಷೆಯ ನಿಯಮ ಕೇಳಿ: ವಿದ್ಯಾರ್ಥಿಯೊಬ್ಬನ ಕಷ್ಟವನ್ನು ಅರ್ಧ ಗಂಟೆ ಕೇಳಬೇಕು, ಒಂದೂ ಸಲಹೆ ಕೊಡಬಾರದು! ಹುಲಿಗೆ ಹುಲ್ಲು ಮೇಯಿ ಅಂದಂತಾಯಿತಲ್ಲ? ಮೊದಲ ಸಲ ವಿಡಿಯೋದಲ್ಲಿ ಬಂದ ಹುಡುಗ ಮನೆ ನೆನಪಾಗುತ್ತಿದೆ ಎಂದನಂತೆ. ಅತ್ತಿಗೆ ಬೆಳಿಗ್ಗೆ ಏನು ತಿಂದೆ ಎಂದು ಕೇಳಿ, ತಿಂದಿಲ್ಲ ಎಂದು ತಿಳಿದ ತಕ್ಷಣ ಮೆಣಸಿನ ಸಾರು ಮಾಡುವ ವಿಧಾನ ಹೇಳಿಕೊಟ್ಟರು. ಹುಡುಗನಿಗೆ ಪರಮಾನಂದ. ಪರೀಕ್ಷೆ ಮಾಡುತ್ತಿದ್ದ ಮೇಡಂ ಮಾತ್ರ "ನೀವು ಕೇಳಲಿಲ್ಲ, ಹೇಳಿದಿರಿ" ಎಂದು ಫೇಲ್ ಮಾಡಿದರು. ಇನ್ನು ಒಂದೇ ಅವಕಾಶ. ಅದರಲ್ಲೂ ಬಿದ್ದರೆ ಪದವಿಯೂ ಇಲ್ಲ, ಆಸೆಪಟ್ಟ ಕೆಲಸವೂ ಇಲ್ಲ. ಆ ದಿನ ಅತ್ತಿಗೆ ಕುಕ್ಕರಿನ ಮುಂದೆ ನಿಂತು ಅತ್ತದ್ದನ್ನು ನಾನು ಕಂಡೆ.

ಮಾರನೆಯ ದಿನದಿಂದ ಅತ್ತಿಗೆಯ ಬಾಯಿಗೆ ಬೀಗ ಬಿತ್ತು. ಮನೆಮಂದಿಯ ಮೇಲೆ ಅಭ್ಯಾಸ ಶುರುವಾಯಿತು.

"ಸಾರಿಗೆ ಉಪ್ಪು ಜಾಸ್ತಿ ಆಗಿದೆ ಕಣೇ" ಎಂದ ಅಣ್ಣ.

"ಉಪ್ಪು ಜಾಸ್ತಿ ಅಂತ ನಿಮಗನ್ನಿಸ್ತಿದೆ, ಅಲ್ವಾ? ಇನ್ನೂ ಸ್ವಲ್ಪ ಹೇಳಿ."

"ಇನ್ನೇನ್ ಹೇಳ್ಲಿ? ಉಪ್ಪು ಜಾಸ್ತಿ!"

"ನಿಮಗೆ ಬೇಜಾರಾಗಿದೆ."

ಅಣ್ಣ ಎದ್ದು ಹೋಗಿ ಮೊಸರು ತಂದುಕೊಂಡ. ಅವರ ಮಗಳು ಲೆಕ್ಕ ತಿಳಿಯದೆ ಬಂದರೆ "ಈ ಲೆಕ್ಕ ನೋಡಿದ್ರೆ ನಿಂಗೇನನ್ಸತ್ತೆ ಪುಟ್ಟಾ?" ಎನ್ನುವರು. ಅದು ಅಪ್ಪಟ ಡಬ್ಲಿನ್ ಧಾಟಿಯಲ್ಲಿ "ಅಮ್ಮಾ, ವಿಲ್ ಯು ಜಸ್ಟ್ ಟೆಲ್ ಮಿ!" ಎಂದು ಕಾಲು ನೆಲಕ್ಕೆ ಅಪ್ಪಳಿಸುವುದು. ಇನ್ನೊಂದು ದಿನ ಅಣ್ಣ ಅಂಗಿಯನ್ನು ಉಲ್ಟಾ ಹಾಕಿಕೊಂಡು ಆಫೀಸಿನ ವಿಡಿಯೋ ಮೀಟಿಂಗಿಗೆ ಕೂರುವವನಿದ್ದ. ಅತ್ತಿಗೆ ನೋಡಿದರು, ತುಟಿ ಕಚ್ಚಿಕೊಂಡರು, "ಹೀಗೇ ಮೀಟಿಂಗಿಗೆ ಕೂರೋದು ನಿಮಗೆ ಹೇಗನ್ನಿಸ್ತಿದೆ?" ಎಂದರು. "ಗ್ರ್ಯಾಂಡ್" ಎಂದು ಅಣ್ಣ ಕ್ಯಾಮೆರಾ ಆನ್ ಮಾಡಿದ. ಛತ್ರಿ ತಗೊಂಡು ಹೋಗೋ ಎನ್ನುವವರಿಲ್ಲದೆ ನಾನು ದಿನಾ ಸಂಜೆಯ ವಾಕಿಂಗಿನಿಂದ ಒದ್ದೆಯಾಗಿ ಬರತೊಡಗಿದೆ. ನಿಜ ಹೇಳಲೇ? ಮನೆ ಬಿಕೋ ಎನ್ನುತ್ತಿತ್ತು.

ಪರೀಕ್ಷೆ ಹತ್ತಿರ ಬಂತು. ವಿದ್ಯಾರ್ಥಿಗಳೆಲ್ಲ ಊರು ಸೇರಿದ್ದರಿಂದ, ವಿದ್ಯಾರ್ಥಿಯಾದವರು ಯಾರಾದರೂ ಸರಿ, ಮನೆಯವರಾದರೂ ಆಗಬಹುದು ಎಂದು ಮೇಡಂ ಒಪ್ಪಿದರು. ನಾನು ಸಿದ್ಧನಾದೆ. ಮನಸ್ಸಿನಲ್ಲಿ ಕಿಡಿಗೇಡಿತನವೂ ಇತ್ತು. ಸಲಹೆ ಕೊಡದೆ ಇರಲಾಗದಂಥ ಒಂದು ಕಷ್ಟವನ್ನು ಕಟ್ಟಿಕೊಂಡು ಹೋಗಿ ಮಜಾ ನೋಡೋಣ ಎಂದು. ಅತ್ತಿಗೆ ಕೆಳಗೆ ಅಡುಗೆಮನೆಯಲ್ಲಿ, ನಾನು ಮೇಲಿನ ಕೋಣೆಯಲ್ಲಿ, ಮೇಡಂ ಎಲ್ಲೋ ತಮ್ಮ ಮನೆಯಲ್ಲಿ. ಮೂವರ ಮುಖವೂ ಪರದೆಯ ಮೇಲೆ.

"ನನ್ನ ರೂಮ್‌ಮೇಟ್ ಗೊರಕೆ ಹೊಡೆಯುತ್ತಾನೆ" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ. "ನಿದ್ದೆಯೇ ಬರುವುದಿಲ್ಲ."

ಅತ್ತಿಗೆಯ ನಾಲಿಗೆಯ ತುದಿಗೆ ಹತ್ತು ಮನೆಮದ್ದು ಬಂದು ನಿಂತದ್ದು ನನಗೆ ಕಾಣಿಸುತ್ತಿತ್ತು. ನುಂಗಿಕೊಂಡರು. "ನಿದ್ದೆ ಬರುತ್ತಿಲ್ಲ. ಇನ್ನೂ ಸ್ವಲ್ಪ ಹೇಳು" ಎಂದರು.

ಗೊರಕೆಯನ್ನು ಲಾರಿಗೆ ಹೋಲಿಸಿದೆ, ದಿಂಬು ಎಸೆದದ್ದನ್ನು ಹೇಳಿದೆ. ಅತ್ತಿಗೆ ಸುಮ್ಮನೆ ನೋಡುತ್ತಿದ್ದರು. ಹಾಗೆ ಯಾರಾದರೂ ನೋಡುತ್ತ ಕೂತರೆ ಸುಳ್ಳು ಎಷ್ಟು ಹೊತ್ತು ಓಡೀತು? ನನಗೆ ಗೊತ್ತಿಲ್ಲದೆ ಕನ್ನಡಕ್ಕೆ ಬಂದುಬಿಟ್ಟಿದ್ದೆ.

"ಈಗ ಆ ಗೊರಕೆ ಇಲ್ಲ ಅತ್ತಿಗೆ. ಅದಿಲ್ದೇನೇ ನಿದ್ದೆ ಬರ್ತಿಲ್ಲ. ಬೆಂಗಳೂರಿಗೆ ಹೋದ್ನಲ್ಲ, ಕೋವಿಡ್ ಬಂತು. ಆಸ್ಪತ್ರೆಗೆ ಸೇರಿದೋನು ವಾಪಸ್ ಬರ್ಲೇ ಇಲ್ಲ. ನಿಮಗ್ಯಾರಿಗೂ ಹೇಳಿಲ್ಲ ನಾನು. ಕೇಳಿದಾಗೆಲ್ಲ ಗ್ರ್ಯಾಂಡ್ ಅಂದೆ."

ಪರದೆಯ ಮೇಲೆ ಅತ್ತಿಗೆಯ ಕುರ್ಚಿ ಖಾಲಿಯಾಯಿತು. ಪರೀಕ್ಷೆಯ ನಡುವೆ ಎದ್ದುಬಿಟ್ಟರಲ್ಲ, ಪದವಿ ಹೋಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಮೆಟ್ಟಿಲು ದಡದಡ ಎಂದಿತು. ಈಗ ಕಟ್ಟೆಯೊಡೆದು ಬರುತ್ತದೆ ಸಲಹೆಗಳ ಪ್ರವಾಹ ಎಂದು ಕಾದೆ. ಅತ್ತಿಗೆ ನನ್ನ ಪಕ್ಕದಲ್ಲಿ ಕುಕ್ಕರಿಸಿದರು, ಬಾಯಿ ತೆರೆದರು. ಒಂದು ಸಲಹೆಯೂ ಬರಲಿಲ್ಲ.

"ಹೆಸರೇನೋ ಅವನ್ದು?" ಎಂದರು.

ಹೇಳಿದೆ. ಅವನು ಹೋದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ ಅಳು ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ಅತ್ತಿಗೆ ನನ್ನ ಬೆನ್ನ ಮೇಲೆ ಕೈಯಿಟ್ಟು ಕೇಳುತ್ತಲೇ ಇದ್ದರು.

ಲ್ಯಾಪ್‌ಟಾಪನ್ನು ಮುಚ್ಚಲು ಇಬ್ಬರೂ ಮರೆತಿದ್ದೆವು. ಮೇಡಂ ಹೋಗದೆ ಅಲ್ಲೇ ಕಾದಿದ್ದರು. ಕನ್ನಡ ಅವರಿಗೆಲ್ಲಿ ಗೊತ್ತು? ಆದರೂ ಕಣ್ಣೊರೆಸಿಕೊಳ್ಳುತ್ತಿದ್ದರು. "ನೀವು ಹೇಳಲಿಲ್ಲ, ಕೇಳಿದಿರಿ. ಪಾಸಾದಿರಿ" ಎಂದು ಹೇಳಿ ಪರದೆಯಿಂದ ಮರೆಯಾದರು.

ಸರಿ, ಬೀಗ ಕಳಚಿ ಬಿತ್ತು!

"ಏಳೋ, ಮೊದ್ಲು ಮುಖ ತೊಳ್ಕೊ. ಬಿಸಿನೀರಲ್ಲಿ. ಎಷ್ಟ್ ಇಳಿದುಹೋಗಿದೀಯ ನೋಡು! ಇವತ್ತಿಂದ ಕೆಳಗೆ ಹಾಲಲ್ಲಿ ಮಲ್ಕೊ, ನಿಮ್ಮಣ್ಣನ ಗೊರಕೆ ಅಲ್ಲೀವರ್ಗೂ ಕೇಳ್ಸತ್ತೆ. ಅವರಮ್ಮಂಗೆ ಫೋನ್ ಮಾಡಿದ್ಯಾ? ನಾಳೆ ಮಾಡು, ನಾನೂ ಜತೇಲಿ ಕೂತಿರ್ತೀನಿ. ಈಗ ಊಟಕ್ಕೆ ನಡಿ."

ತಟ್ಟೆಗೆ ಅನ್ನ ಹಾಕಿ, ಸಾರು ಬಡಿಸಿ, ಎದುರಿಗೆ ಕೂತರು.

"ಹೂಂ. ಅವನ್ ಬಗ್ಗೆ ಇನ್ನೂ ಸ್ವಲ್ಪ ಹೇಳು."